ಕರಿಯನ ಹಸಿ ಊಟ, ನನ್ನ ಬಿಸಿ ಬರಹ

‘‘ನಿಮ್ಮ ಬರಹ ಓದಿದ ಮೇಲೆ ನಮ್ಮ ಜಾಕಿ ಮೂರು ದಿನದಿಂದ ಊಟ ಬಿಟ್ಟಿದಾನೆ ಕಣ್ರೀ.’’

ಕಳೆದ ಸೋಮವಾರ ಬೆಳಗ್ಗೆ ಅಂಗಡಿಯ ಶಟರ್ ಅರ್ಧ ಎತ್ತಿದ್ದೆ, ಫೋನ್ ಬಂತು. ಹೆಗಲ ಮೇಲೆ ಶಟರ್, ಕಿವಿಯ ಹತ್ತಿರ ಫೋನ್. ಹೆಂಗಸಿನ ದನಿ. ನಮಸ್ಕಾರವಿಲ್ಲ, ಹೆಸರಿಲ್ಲ, ನೇರ ಈ ಮಾತು.

ನನ್ನ ಬರಹ ಓದಿ ಒಂದಿಬ್ಬರು ಪೇಪರ್ ತರಿಸೋದು ಬಿಟ್ಟಿದ್ದಾರೆ, ಗೊತ್ತು. ಊಟ ಬಿಟ್ಟವರು ಇದೇ ಮೊದಲು.

‘‘ಜಾಕಿ ಅಂದ್ರೆ... ಮೊಮ್ಮಗನಾ ಮೇಡಂ?’’

‘‘ನಾಯಿ.’’

‘‘ನಾಯಿ ಪೇಪರ್ ಓದುತ್ತಾ?’’

‘‘ನಾನು ಓದ್ತೀನಿ. ಆಗಿರೋ ತಪ್ಪೇ ಅದು.’’

ಶಟರ್ ಇಳಿಸಿದೆ. ಕೆಲವು ಫೋನುಗಳನ್ನು ನಿಂತು ಕೇಳೋಕಾಗಲ್ಲ, ಕೂತೇ ಕೇಳಬೇಕು.

ವಿಷಯ ಏನೆಂದು ನಿಮ್ಮಲ್ಲಿ ಹಲವರಿಗೆ ಹೊಳೆದಿರುತ್ತದೆ. ಒಂದೂವರೆ ತಿಂಗಳ ಹಿಂದೆ ಪೇಪರಿನ ಇದೇ ಅಂಕಣದಲ್ಲಿ ನಾನು ನಾಯಿಗಳ ಊಟದ ಬಗ್ಗೆ ಬರೆದಿದ್ದೆ. ನಮ್ಮ ಮನೆಯ ಎರಡೂ ನಾಯಿಗಳನ್ನು ಮುದ್ದೆ ಸಾರು ಬಿಡಿಸಿ ಹಸಿ ಮಾಂಸಕ್ಕೆ ತಂದ ಸಾಹಸದ ಕಥೆ. ರಾ ಡಯಟ್ ಅಂತಾರೆ ಅದಕ್ಕೆ. (ಆ ಎರಡು ಪದವನ್ನು ಆ ಬರಹದಲ್ಲಿ ಹದಿನಾಲ್ಕು ಸಲ ಬಳಸಿದ್ದೆ. ಆಮೇಲೆ ಎಣಿಸಿದವರು ನಾನಲ್ಲ, ಈ ಮೇಡಂ.) ತುಂಬಾ ಜನ ಮೆಚ್ಚಿ ಫೋನ್ ಮಾಡಿದ್ದರು. ಬೇಲೂರಿನಿಂದ ಒಬ್ಬರು ‘‘ಸಾರ್, ನೀವು ಪಶುವೈದ್ಯರಾ?’’ ಎಂದು ಕೇಳಿದ್ದರು. ಅಲ್ಲ ಎನ್ನುವ ಮೊದಲು ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಸುಖವಾಗಿತ್ತು.

ಹೊಸಬರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ಅರಸೀಕೆರೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟಾರುಗಳ ಒಳಗಿನ ತಂತಿ ಕಿತ್ತು ಹೊಸ ತಂತಿ ಸುತ್ತುವುದು ನನ್ನ ಕಸುಬು. ಶಾಲೆ ಏಳನೇ ಕ್ಲಾಸಿಗೇ ಮುಗಿಯಿತು. ಮುಗಿಸಿದ್ದು ನಾನೇ. ಅದಕ್ಕೆ ನಾಚಿಕೆ ಏನಿಲ್ಲ. ಬಿ.ಇ. ಮಾಡಿದ ಹುಡುಗರು ಮೀಟರ್ ಹಿಡಿದು ಅರ್ಧ ದಿನ ಹುಡುಕುವ ದೋಷವನ್ನು ನಾನು ಮೂಸಿ ನೋಡಿ ಹೇಳುತ್ತೇನೆ. ಮೂವತ್ತು ವರ್ಷ ಕೈಸುಟ್ಟುಕೊಂಡು ಕಲಿತ ವಿದ್ಯೆ. ಬರೆಯುವುದನ್ನೂ ಹಾಗೇ ಕಲಿತೆ. ಕಣ್ಣಾರೆ ಕಂಡಿದ್ದನ್ನು, ಕೈಯಾರೆ ಮಾಡಿದ್ದನ್ನು ಮಾತ್ರ ಬರೆಯುವವನು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ.

ಈಗ ನಾಯಿಗಳ ವಿಷಯ. ನಮ್ಮಲ್ಲಿ ಎರಡಿವೆ. ಒಬ್ಬ ಕರಿಯ. ಒಂಬತ್ತು ವರ್ಷದ ಹಿಂದೆ ಬಾಣಾವರದ ಸ್ಟೇಷನ್ನಿನಲ್ಲಿ ಬೆಂಚಿನ ಕೆಳಗೆ ನಡುಗುತ್ತಾ ಕೂತಿದ್ದವನು, ನನ್ನ ಟೂಲ್ ಬ್ಯಾಗಿನಲ್ಲಿ ಮನೆಗೆ ಬಂದ. ಇನ್ನೊಬ್ಬಳು ರಾಣಿ. ಮುಕ್ಕಾಲು ಲ್ಯಾಬ್ರಡಾರ್, ಕಾಲು ಏನೋ ಗೊತ್ತಿಲ್ಲ. ರಾಣಿ ಏನು ಕೊಟ್ಟರೂ ತಿನ್ನುತ್ತಾಳೆ. ಚಪ್ಪಲಿ, ಸೋಪು, ಒಂದು ಸಲ ಕಾಲು ಮೀಟರ್ ವೈಂಡಿಂಗ್ ವೈರ್. ಕರಿಯ ಹಾಗಲ್ಲ. ಬಟ್ಟಲ ಮುಂದೆ ನಿಂತು ಮದುವೆ ಮನೆಯಲ್ಲಿ ಬೀಗರು ಎಲೆ ನೋಡಿದ ಹಾಗೆ ನೋಡುತ್ತಾನೆ. ಆಮೇಲೆ ಊಟ.

ಈ ಕರಿಯನಿಗೆ ಯುಗಾದಿ ಆದಮೇಲೆ ಕೆರೆತ ಶುರುವಾಯಿತು. ಬೆನ್ನ ಮೇಲಿನ ಕೂದಲು ಹೋಗಿ ಹಳೇ ಜಮಖಾನದ ತರ ಆದ. ಗೋಡೆಗೆ ಮೈ ಉಜ್ಜಿ ಉಜ್ಜಿ ನಮ್ಮ ಮನೆಯ ಸುಣ್ಣ ಹೋಯಿತು, ಅವನ ಕೆರೆತ ಹೋಗಲಿಲ್ಲ.

ಹಾಸನದ ಕಾಲೇಜಿನಲ್ಲಿ ಸೈನ್ಸ್ ಪಾಠ ಮಾಡುವ ನನ್ನ ಮಗಳು ಚೈತ್ರ ಒಂದು ಭಾನುವಾರ ಬಂದವಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾರೋ ಒಬ್ಬ ಬಿಳಿಯ ಮನುಷ್ಯ, ಅವನ ಕರುವಿನಷ್ಟು ದೊಡ್ಡ ನಾಯಿ, ಬೇಸಿನ್ ತುಂಬ ಹಸಿ ಮಾಂಸ. ನಾಯಿಯ ಮೈ ಹೊಸ ಬೈಕಿನ ಟ್ಯಾಂಕಿನಂತೆ ಹೊಳೆಯುತ್ತಿತ್ತು.

‘‘ಅಪ್ಪಾ, ನಾಯಿ ತೋಳದ ವಂಶ ಅಂತಾನೆ ಇವನು. ತೋಳ ಮುದ್ದೆ ತಿನ್ನುತ್ತಾ?’’

ಸರಿಯಾದ ಪ್ರಶ್ನೆ! ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. (ಈಗ ಹೊಳೆಯುತ್ತದೆ. ತೋಳ ನಮ್ಮ ಮನೆ ಮೆಟ್ಟಿಲ ಮೇಲೆ ಮಲಗಿ ಪೋಸ್ಟ್‌ಮ್ಯಾನ್‌ಗೆ ಬಾಲವನ್ನೂ ಆಡಿಸಲ್ಲ.) ‘‘ಆದ್ರೂ ಶುರು ಮಾಡೋ ಮುಂಚೆ ಡಾಕ್ಟರನ್ನ ಕೇಳಪ್ಪಾ, ಎಲ್ಲಾ ನಾಯಿಗೂ ಆಗಿಬರಲ್ವಂತೆ’’ ಎಂದಳು. ಆ ಭಾಗ ನನ್ನ ಕಿವಿಗೆ ಬೀಳಲಿಲ್ಲ. ನನಗೆ ಬೇಡದ ಮಾತು ಬಂದಾಗ ನನ್ನ ಕಿವಿಯಲ್ಲಿ ಮೋಟಾರ್ ಓಡುತ್ತಿರುತ್ತದೆ.

ಮಾರನೇ ದಿನ ಸೋಮವಾರ. ಮಂಗಳವಾರದಿಂದ ಶುರು. ಬೆಳಗ್ಗೆ ಎದ್ದು ಕೋಳಿ ಅಂಗಡಿಗೆ ಹೋಗಿ ಕತ್ತು, ಕಂದನಕಾಯಿ, ಲಿವರ್ ಕಟ್ಟಿಸಿಕೊಂಡು ಬಂದು ಹಿತ್ತಲ ಬಾಗಿಲ ಮೊಳೆಗೆ ಕವರ್ ನೇತುಹಾಕುವುದು. ‘‘ಜಯಾ, ನಾಯಿದು! ಹಸೀದೇ ಹಾಕು!’’ ಎಂದು ಕೂಗುವುದು. ಅಂಗಡಿಗೆ ಹೋಗುವುದು. ಜಯ ನನ್ನ ಹೆಂಡತಿ. ಸೋಮವಾರ ಮಾತ್ರ ರಜ. ನಮ್ಮ ಮನೆದೇವರ ವಾರ ಅದು. ಅವತ್ತು ನಾವು ಮಾಂಸ ತಿನ್ನುವುದಿರಲಿ, ಮುಟ್ಟುವುದೂ ಇಲ್ಲ. ನಾಯಿಗಳಿಗೂ ಅವತ್ತು ಮುದ್ದೆ, ಮಜ್ಜಿಗೆ.

ಒಂದು ತಿಂಗಳು ಕಳೆಯುವಷ್ಟರಲ್ಲಿ ಕರಿಯನ ಕೆರೆತ ನಿಂತಿತು. ಬೆನ್ನ ಮೇಲೆ ಹೊಸ ಕೂದಲು ಬಂತು. ಎಣ್ಣೆ ಹಚ್ಚಿದ ಹಾಗೆ ಮಿರಮಿರ. ನಾನು ಸುಮ್ಮನಿರುತ್ತೇನಾ? ಬರೆದೆ. ಎಂಥಾ ಬರಹ ಅಂತೀರಿ! ‘ನಾನು ದಿನಾ ಬೆಳಗ್ಗೆ ಕರಿಯನ ಬಟ್ಟಲಿಗೆ ಹಸಿ ಮಾಂಸ ಹಾಕುತ್ತೇನೆ’ ಎಂದೆ. ‘ಮೊದಮೊದಲು ನಾಯಿ ಹಠ ಮಾಡಿದರೂ ಮುದ್ದೆ ಕೊಡಬೇಡಿ, ಹಸಿದರೆ ತಾನೇ ತಿನ್ನುತ್ತದೆ’ ಎಂದೂ ಅಪ್ಪಣೆ ಕೊಡಿಸಿದೆ. ಅದು ವಿಡಿಯೋದವನ ಮಾತು. ನನ್ನದೇ ಎನ್ನುವ ಹಾಗೆ ಬರೆದೆ.

ಆ ಸಾಲನ್ನು ಹಳೇಬೀಡಿನ ಪಕ್ಕದ ಹುಲಿಕೆರೆಯಲ್ಲಿ ಒಬ್ಬರು ಅಕ್ಷರಶಃ ಪಾಲಿಸಿದ್ದರು.

ಫೋನ್ ಮಾಡಿದವರು ಸುಶೀಲಾ ಮೇಡಂ. ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ಹೆಡ್‌ಮಿಸ್ ಆಗಿ ರಿಟೈರ್ ಆದವರು. ಅವರ ಜಾಕಿಗೂ ಕೆರೆತವಿತ್ತಂತೆ. ನನ್ನ ಬರಹ ಓದಿ ಶುಕ್ರವಾರದಿಂದ ಮುದ್ದೆ ನಿಲ್ಲಿಸಿ ಹಸಿ ಕೋಳಿ ಇಟ್ಟಿದ್ದಾರೆ. ಜಾಕಿ ಮೂಸಿಯೂ ನೋಡುತ್ತಿಲ್ಲ.

‘‘ನಿಮ್ಮ ನಾಯಿ ನಿಜವಾಗ್ಲೂ ತಿಂತಾ?’’ ಎಂದರು ಮೇಡಂ.

ಈ ‘ನಿಜವಾಗ್ಲೂ’ ಇದೆಯಲ್ಲ, ಅದು ನನಗೆ ಚುಚ್ಚಿತು. ಏಳನೇ ಕ್ಲಾಸಿನವನು ಅಂತ ತಾನೇ ಈ ಅನುಮಾನ?

‘‘ಮೇಡಂ, ಅಡ್ರೆಸ್ ಹೇಳಿ. ನಾನೇ ಬರ್ತೀನಿ. ನಮ್ ಕರಿಯನ್ನೂ ಕರ್ಕೊಂಡು ಬರ್ತೀನಿ. ನಿಮ್ ಕಣ್ಮುಂದೆ ತಿನ್ನಿಸ್ತೀನಿ. ಅವನನ್ನ ನೋಡಿ ನಿಮ್ಮ ಜಾಕಿನೂ ತಿಂತಾನೆ.’’

ಮನೆಗೆ ಬಂದು ಕರಿಯನನ್ನು ಓಮ್ನಿಯ ಮುಂದಿನ ಸೀಟಿಗೆ ಹತ್ತಿಸಿದೆ. ರಾಣಿಯೂ ಬಂದು ಬಾಗಿಲಲ್ಲಿ ನಿಂತಳು. ಅವಳನ್ನು ಬಿಟ್ಟೆ. ಏನು ಕೊಟ್ಟರೂ ತಿನ್ನುವವಳ ಸಾಕ್ಷಿ ಯಾವ ಕೋರ್ಟಿನಲ್ಲೂ ನಡೆಯುವುದಿಲ್ಲ. ಜಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ‘‘ಒಂದ್ ರೌಂಡ್ ಹೋಗ್ಬತ್ತೀವಿ!’’ ಎಂದು ಕೂಗಿ ಹೊರಟೆ.

ಬಾಣಾವರ ದಾಟಿದೆವು. ಜಾವಗಲ್ಲಿನಲ್ಲಿ ಟೀಗೆ ನಿಲ್ಲಿಸಿದೆ. ಕರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂತಿದ್ದ. ಹೊಳೆಯುವ ಮೈ, ನೆಟ್ಟಗಿನ ಕಿವಿ.

‘‘ಏನಣ್ಣಾ, ಹೆಣ್ ನೋಡಕ್ಕಾ?’’ ಎಂದ ಟೀ ಅಂಗಡಿಯವನು.

‘‘ಸಾಕ್ಷಿ ಹೇಳಕ್ಕೆ’’ ಎಂದೆ.

‘‘ಯಾರ್ ಕಡೆಗೆ?’’

‘‘ನನ್ ಕಡೆಗೆ ಕಣೋ. ಇನ್ಯಾರ್ ಕಡೆಗೆ!’’

ಎಷ್ಟು ಧೈರ್ಯವಿತ್ತು ನೋಡಿ ನನಗೆ.

ಮೇಡಂ ಮನೆ ಹುಲಿಕೆರೆಯ ಕೊಳದಿಂದ ಸ್ವಲ್ಪ ಈಚೆಗೆ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ನಲ್ಲಿಯ ಪಕ್ಕದ ತಂಪಿನಲ್ಲಿ ಜಾಕಿ ಮಲಗಿದ್ದ. ಹನ್ನೊಂದು ವರ್ಷದ ಕಂದು ನಾಯಿ, ಮೂತಿಯೆಲ್ಲ ಬೆಳ್ಳಗಾಗಿದೆ. ನಮ್ಮನ್ನು ಕಂಡು ಬೊಗಳಬೇಕಿತ್ತು. ಬೇರೊಂದು ಗಂಡು ನಾಯಿ ಗೇಟಿನೊಳಗೆ ಬಂದರೆ ಯಾವ ನಾಯಿ ಸುಮ್ಮನಿರುತ್ತದೆ? ಜಾಕಿ ತಲೆ ಎತ್ತಿದ, ನೋಡಿದ, ಮತ್ತೆ ಇಳಿಸಿದ. ಪಕ್ಕೆಲುಬು ಎಣಿಸಬಹುದಿತ್ತು.

ಫೋನಿನಲ್ಲಿ ಕೇಳಿದ್ದು ಬೇರೆ, ಇದು ಬೇರೆ.

ಮೇಡಂ ಒಳಗಿನಿಂದ ಬಂದರು. ಸಣ್ಣ ಆಳು, ದಪ್ಪ ಕನ್ನಡಕ. ಕೈಯಲ್ಲಿ ನನ್ನ ಬರಹದ ಕಟಿಂಗ್. ಅದರ ತುಂಬ ಕೆಂಪು ಇಂಕು. ನಾನು ಏಳನೇ ಕ್ಲಾಸಿನಲ್ಲಿ ಬಿಟ್ಟು ಓಡಿದ್ದ ಭಯ ಇಷ್ಟು ವರ್ಷ ಆದಮೇಲೆ ಹುಲಿಕೆರೆಯಲ್ಲಿ ಸಿಕ್ಕಿಬಿಟ್ಟಿತು.

‘‘ಕೂತ್ಕೊಳ್ಳಿ’’ ಎಂದರು. ಕೂತೆ. ಕರಿಯನೂ ಕೂತ.

‘‘ನೋಡಿ, ನಾನು ಹುಟ್ಟಿದಾಗಿನಿಂದ ಮೊಟ್ಟೇನೂ ಮುಟ್ಟಿದೋಳಲ್ಲ. ಈ ಮನೆ ಗೇಟಿನೊಳಗೆ ಮಾಂಸ ಬಂದಿದ್ದೇ ಇಲ್ಲ. ನಿಮ್ಮ ಬರಹ ಓದಿ ಪಕ್ಕದ ಮನೆ ರಂಗಪ್ಪನ ಕೈಲಿ ಹಳೇಬೀಡಿಂದ ಕೋಳಿ ತರಿಸಿದೆ. ಅವರ ಫ್ರಿಜ್ಜಲ್ಲೇ ಇಡ್ಸಿದೀನಿ. ಎರಡೂ ಕೈಗೆ ಹಾಲಿನ ಕವರ್ ಕಟ್ಕೊಂಡು, ಕಣ್ಣು ಮುಚ್ಕೊಂಡು ಬಟ್ಟಲಿಗೆ ಹಾಕಿದೆ. ಅವನು ಬಟ್ಟಲು ನೋಡಲಿಲ್ಲ, ನನ್ನ ಮುಖ ನೋಡ್ದ. ಮುದ್ದೆ ಕೊಡಬೇಡಿ ಅಂತ ಬರೆದಿದ್ರಿ. ಕೊಡಲಿಲ್ಲ. ಮೂರು ದಿನ ಅವನು ನನ್ನ ಹಿಂದೆ ಅಡಿಗೆಮನೆ ಬಾಗಿಲವರೆಗೂ ಬಂದು ನಿಂತ್ಕೊಂಡ. ನಾನು ಬಾಗಿಲು ಹಾಕ್ಕೊಂಡೆ.’’

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

‘‘ಇವತ್ತು ಬೆಳಗ್ಗೆಯಿಂದ ಬಾಗಿಲಿಗೂ ಬಂದಿಲ್ಲ. ಸಾಯ್ತಾನೇನ್ರೀ?’’

ನಾನು ಕರಿಯನ ಬೆನ್ನು ಸವರಿದೆ. ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು.

‘‘ನಂದೂ ತಪ್ಪಿದೆ. ಮೂವತ್ತೊಂದು ವರ್ಷ ಪುಸ್ತಕ ಹಿಡ್ಕೊಂಡು ಪಾಠ ಮಾಡಿದೋಳು. ಅಚ್ಚಾಗಿ ಬಂದಿದ್ದನ್ನ ನಂಬೋದು ನನಗೆ ಅಭ್ಯಾಸ ಆಗೋಗಿದೆ.’’

ಇದಕ್ಕಿಂತ ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

‘‘ಮೇಡಂ, ಈಗ ನೋಡಿ’’ ಎಂದು ಎದ್ದೆ. ‘‘ನಮ್ ಕರಿಯ ಒಂದು ಬಾಯಿ ಹಾಕಲಿ, ಜಾಕಿ ಹೊಟ್ಟೆಕಿಚ್ಚಿಗಾದ್ರೂ ತಿಂತಾನೆ. ತರಿಸಿ ಮಾಂಸ.’’

ಪಕ್ಕದ ಮನೆಯ ರಂಗಪ್ಪ ಕವರ್ ಹಿಡಿದು ಬಂದ. ರಾಗಿ, ತೆಂಗು ಬೆಳೆಯುವ ಆಸಾಮಿ, ಹೆಗಲ ಮೇಲೆ ಟವೆಲ್. ಕವರನ್ನು ನನ್ನ ಕಡೆ ಚಾಚಿದ. ಆಗ ನೆನಪಾಯಿತು. ಇವತ್ತು ಸೋಮವಾರ!

‘‘ಅಯ್ಯೋ, ನಾನಿವತ್ತು ಮುಟ್ಟಂಗಿಲ್ಲ. ನಮ್ ಮನೆದೇವ್ರ ವಾರ.’’

ರಂಗಪ್ಪ ಮೇಡಂ ಮುಖ ನೋಡಿದ. ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬರು ಹುಟ್ಟಿದಾಗಿನಿಂದ ಮುಟ್ಟದವರು, ಇನ್ನೊಬ್ಬ ಸೋಮವಾರ ಮುಟ್ಟದವನು. ನಡುವೆ ಕಾಲು ಕೆ.ಜಿ. ಕೋಳಿ ಕತ್ತು.

‘‘ಒಳ್ಳೇ ಗಿರಾಕಿಗಳು ಸಿಕ್ಕವ್ರೆ!’’ ಎಂದ ರಂಗಪ್ಪ. ‘‘‘ನೀನೇ ಹಾಕ್ಲಾ’ ಅಂತ ನಂಗೆ ನಾನೇ ಹೇಳ್ಕೋಬೇಕು. ನಂದು ಶನಿವಾರ. ಸೋಮ್ವಾರ ಏನ್ ತೊಂದ್ರೆ ಇಲ್ಲ.’’

ಅವನೇ ಬಟ್ಟಲಿಗೆ ಸುರಿದು ಕರಿಯನ ಮುಂದಿಟ್ಟ.

ಕರಿಯ ಎದ್ದು ನಿಂತ. ಬಟ್ಟಲು ಮೂಸಿದ. ಒಂದು ಹೆಜ್ಜೆ ಹಿಂದೆ ಬಂದ. ಮತ್ತೆ ಮೂಸಿದ. ಆಮೇಲೆ ನನ್ನ ಮುಖ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮೋಟಾರ್ ರಿಪೇರಿ ಮಾಡಿ ಕೊಟ್ಟ ಮಾರನೇ ದಿನವೇ ಅದನ್ನು ವಾಪಸ್ ಹೊತ್ತು ತಂದ ರೈತ ನನ್ನನ್ನು ನೋಡುವ ನೋಟ ಅದು.

‘‘ತಿನ್ನೋ ಕರಿಯಾ’’ ಎಂದೆ.

ಕೂತ.

‘‘ಏಯ್, ದಿನಾ ತಿನ್ನೋದೇ ಕಣೋ. ತಿನ್ನು!’’

ಮಲಗಿದ. ಜಾಕಿಯ ಕಡೆ ಮುಖ ಮಾಡಿ ಮಲಗಿದ. ಅಲ್ಲಿಗೆ ಎರಡು ನಾಯಿ, ಒಂದು ಬಟ್ಟಲು, ಮೂರು ಜನ.

‘‘ಏನ್ ಸ್ವಾಮಿ, ಪೇಪರಲ್ಲಿ ಬರ‍್ದಿದ್ದು ಬ್ಯಾರೆ ನಾಯಿ ವಿಸ್ಯನಾ?’’ ಎಂದ ರಂಗಪ್ಪ.

ಮಾನ ಹೋಗುವಾಗ ಮನುಷ್ಯನಿಗೆ ಏನೇನು ಹೊಳೆಯುತ್ತದೆ ನೋಡಿ. ‘‘ಇವತ್ತು ಸೋಮವಾರ ಅಲ್ವಾ ಮೇಡಂ’’ ಎಂದೆ. ‘‘ನಮ್ಮನೇಲಿ ಬೆಳೆದ ನಾಯಿ. ಅವನೂ ವಾರ ಹಿಡೀತಾನೆ.’’

‘‘ನಾಯಿನಾ?’’

‘‘ಹೂಂ ಮೇಡಂ.’’

‘‘ಸೋಮವಾರ ಅಂತ ಅವನಿಗೆ ಹೇಗೆ ಗೊತ್ತಾಗುತ್ತೆ?’’

ಅಷ್ಟರಲ್ಲಿ ಕಾಂಪೌಂಡಿನ ಮೇಲಿಂದ ಒಂದು ಕಾಗೆ ಇಳಿದು ಬಟ್ಟಲಿನಿಂದ ಒಂದು ತುಂಡು ಎತ್ತಿಕೊಂಡು ಹಾರಿತು. ನನ್ನ ಬರಹವನ್ನು ಒಪ್ಪಿ ರಾ ಡಯಟ್‌ಗೆ ಬದಲಾದ ಏಕೈಕ ಜೀವಿ ಅದೇ.

ಜಯಳಿಗೆ ಫೋನ್ ಮಾಡಿದೆ. ಕರಿಯನಿಗೆ ಮೈ ಹುಷಾರಿಲ್ಲವೇನೋ, ಬೆಳಗ್ಗೆ ಏನಾದರೂ ತಿಂದಿದ್ದನೇನೋ, ಅಷ್ಟು ಕೇಳೋಣ ಅಂತ. ಧೈರ್ಯ ನೋಡಿ, ಸ್ಪೀಕರಿಗೆ ಹಾಕಿದೆ. ಮೇಡಂಗೂ ಕೇಳಲಿ, ಸಾಕ್ಷಿಯಾಗಲಿ ಅಂತ.

‘‘ಜಯಾ, ಕರಿಯ ಹಸಿ ಕೋಳಿ ತಿಂತಿಲ್ಲ ಕಣೇ. ಏನಾಗೈತೆ ಅವನಿಗೆ?’’

‘‘ಹಸೀದಾ? ಅದ್ಯಾಕ್ರೀ ಹಸೀದ್ ಹಾಕಿದ್ರಿ? ಅವ್ನು ತಿನ್ನಲ್ಲ!’’

‘‘ತಿನ್ನಲ್ಲ ಅಂದ್ರೆ? ಎರಡೂವರೆ ತಿಂಗಳಿಂದ ತಿಂತಾ ಅವ್ನಲ್ಲ!’’

ಆ ಕಡೆ ಪಾತ್ರೆಯ ಸದ್ದು ನಿಂತಿತು.

‘‘ನೀವೆಲ್ಲಿದೀರಿ?’’

‘‘ಹೇಳು ಮೊದ್ಲು.’’

‘‘ನಾನ್ಯಾವತ್ರೀ ಹಸೀದ್ ಹಾಕ್ದೆ? ಮೊದಲ್ನೇ ದಿನ ಹಾಕ್ದೆ. ಮೂಸಿ ನೋಡಿ ಓಡೋದ. ರಾಣಿ ತಿಂದು ಚಾಪೆ ಮೇಲೆಲ್ಲಾ ಕಕ್ಕಿದ್ಲು. ಅವತ್ತಿಂದ ಅರಿಶಿನ ಹಾಕಿ ಬೇಯ್ಸಿ ಮುದ್ದೆಗೆ ಕಿವುಚಿ ಹಾಕ್ತಿದೀನಿ. ಹಸಿ ರಕ್ತದ ರುಚಿ ಹತ್ತುಬುಟ್ಟು ಅಕ್ಕಪಕ್ಕದೋರ ಕೋಳಿ ಹಿಡಿಯೋಕೆ ಶುರು ಮಾಡಿದ್ರೆ ಜಗಳ ಆಡೋರ‍್ಯಾರು? ನೀವಾ? ನೀವು ಅಂಗ್ಡೀಲಿ ತಂತಿ ಸುತ್ತಾ ಕೂತಿರ‍್ತೀರಿ!’’

ರಂಗಪ್ಪ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡ.

‘‘ಮತ್ತೆ ಅವನ ಕೆರೆತ ಹೋಗಿದ್ದು?’’ ಎಂದೆ.

‘‘ಚೈತ್ರ ಬಂದಾಗ, ನೀವು ಅಂಗ್ಡಿಗೆ ಹೋದ್ಮೇಲೆ, ದನದ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿದ್ವಿ. ಉಣ್ಣಿ ಹುಳಕ್ಕೆ ಒಂದು ಸೂಜಿ ಹಾಕಿದ್ರು, ಮೈಗೆ ಹಚ್ಚಕ್ಕೆ ಔಷಧಿ ಕೊಟ್ರು. ಸಾರು, ಒಗ್ಗರಣೆ, ಉಪ್ಪು ಖಾರ ಎಲ್ಲಾ ನಿಲ್ಸಮ್ಮ ಅಂದ್ರು. ನಿಲ್ಸಿದೆ. ಅಲ್ಲಾ, ನೀವಿರೋದೆಲ್ಲಿ? ಯಾರೋ ನಗ್ತಾವ್ರೆ?’’

ಮೇಡಂ ಕೈ ಚಾಚಿ ನನ್ನ ಫೋನ್ ತೆಗೆದುಕೊಂಡರು. ‘‘ಅಮ್ಮಾ, ನಾನು ಹುಲಿಕೆರೆಯಿಂದ ಮಾತಾಡ್ತಿದೀನಿ. ಸ್ವಲ್ಪ ಬಿಡಿಸಿ ಹೇಳಿ. ಮುದ್ದೆ ಎಷ್ಟು, ಕೋಳಿ ಎಷ್ಟು? ಮೂಳೆ ತೆಗೀಬೇಕಾ?’’

‘‘ಬೆಂದ್ ಮೂಳೆ ಒಂದೂ ಬಿಡಬ್ಯಾಡಿ ಮೇಡಂ, ಚೂರಾಗಿ ಗಂಟ್ಲಿಗೆ ಚುಚ್ಕತದೆ. ಕೈಯಲ್ಲಿ ಬಿಡ್ಸಿಬಿಡಿ...’’

ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಇಪ್ಪತ್ತು ನಿಮಿಷ ಇಬ್ಬರೂ ಮಾತಾಡಿದರು. ಹನ್ನೊಂದು ವರ್ಷದ ನಾಯಿ ಮೂರು ದಿನ ಉಪವಾಸ ಇದ್ದರೆ ಮೊದಲು ಏನು ಕೊಡಬೇಕು, ಎಷ್ಟು ಕೊಡಬೇಕು, ತಿನ್ನದಿದ್ದರೆ ಇವತ್ತೇ ಡಾಕ್ಟರನ್ನು ಕರೆಸಬೇಕು, ಎಲ್ಲ. ನನ್ನ ಹೆಂಡತಿಗೆ ಇಷ್ಟು ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಅಂಕಣಕಾರನ ಫೋನು, ಅಂಕಣಕಾರನ ಕರೆನ್ಸಿ. ಅಂಕಣಕಾರ ಮಾತ್ರ ಜಗಲಿ ಕಟ್ಟೆ ಮೇಲೆ ಕರಿಯನ ಪಕ್ಕ.

ಕೂತು ಯೋಚಿಸಿದೆ. ನಮ್ಮ ಕಸುಬಿನಲ್ಲೂ ಹಸಿ ಅಂತ ಒಂದಿದೆ. ತಂತಿ ಸುತ್ತಿದ ಮೇಲೆ ವಾರ್ನಿಷ್ ಕುಡಿಸಿ ಕಾವಿನಲ್ಲಿ ಒಣಗಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಅವಸರಕ್ಕೆ ಹಾಗೇ ಕೊಟ್ಟರೆ ಹಸಿ ವೈಂಡಿಂಗ್ ಅನ್ನುತ್ತೇವೆ. ನೋಡೋಕೆ ಹೊಸದು, ಒಂದು ವಾರ ಓಡುತ್ತದೆ, ಆಮೇಲೆ ಹೊಗೆ. ಮೂವತ್ತು ವರ್ಷದಲ್ಲಿ ನನ್ನ ಅಂಗಡಿಯಿಂದ ಒಂದೇ ಒಂದು ಹಸಿ ಮೋಟಾರ್ ಆಚೆ ಹೋಗಿಲ್ಲ. ಪೇಪರಿಗೆ ಮಾತ್ರ ಹಸೀದನ್ನೇ ಕಳಿಸಿದೆ. ಅದು ಹೊಗೆ ಹಾಕಿದ್ದು ಹುಲಿಕೆರೆಯಲ್ಲಿ.

ರಂಗಪ್ಪನ ಹೆಂಡತಿ ಅವರ ಹಿತ್ತಲಲ್ಲಿ ಕೋಳಿ ಬೇಯಿಸಿ ಮೂಳೆ ಬಿಡಿಸಿ ಕೊಟ್ಟರು. ಮೇಡಂ ತಮ್ಮ ಅಡಿಗೆಮನೆಯಲ್ಲಿ ಮೆತ್ತಗೆ ಮುದ್ದೆ ತೊಳಸಿ ತಂದರು. ಎರಡೂ ಸೇರಿದ್ದು ಎರಡು ಮನೆಗಳ ನಡುವಿನ ಬೇಲಿಯ ಹತ್ತಿರ. ಕಿವುಚುವ ಹೊತ್ತಿಗೆ ರಂಗಪ್ಪ ಕೈ ಚಾಚಿದ. ಮೇಡಂ ಬೇಡ ಎಂದರು. ಬಳೆ ಮೇಲೆ ಸರಿಸಿದರು. ಈ ಸಲ ಹಾಲಿನ ಕವರ್ ಇಲ್ಲ. ಬರಿಗೈ. ಕಣ್ಣು ಮುಚ್ಚಲೂ ಇಲ್ಲ.

ಜಾಕಿಯ ಮುಂದೆ ಕೂತು ಒಂದು ಸಣ್ಣ ಉಂಡೆ ಮಾಡಿ ಬಾಯಿಯ ಹತ್ತಿರ ಹಿಡಿದರು.

ಜಾಕಿ ನೋಡಿದ. ಮೂಸಿದ. ನಾನು ಸೋಮವಾರದ ದೇವರಿಗೆ ಏನೇನೋ ಹೇಳಿಕೊಂಡೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬರೆದರೆ ನಡೆಸಿಕೊಡಬೇಕಾಗುತ್ತದೆ.

ಜಾಕಿ ನಾಲಿಗೆ ಚಾಚಿದ. ಒಮ್ಮೆ ನೆಕ್ಕಿದ. ಇನ್ನೊಮ್ಮೆ. ಆಮೇಲೆ ಉಂಡೆ ಮೇಡಂ ಕೈಯಲ್ಲಿರಲಿಲ್ಲ. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಅವನೇ ಎದ್ದು ನಿಂತ. ಬಾಲ ಒಂದೇ ಒಂದು ಸಲ ಆಡಿತು, ಆಡಿಸುವುದು ಹೇಗೆ ಅಂತ ಮರೆತವನ ಹಾಗೆ.

‘‘ನಿಧಾನ ಕಣೋ ಕಳ್ಳಾ, ನಿಧಾನ’’ ಎನ್ನುತ್ತಾ ಮೇಡಂ ಅಳುತ್ತಿದ್ದರು. ಐದನೇ ಉಂಡೆಯ ಹೊತ್ತಿಗೆ ಕರಿಯನೂ ಎದ್ದು ಹೋಗಿ ಮೇಡಂ ಎದುರಿಗೆ ಕೂತ. ಆಗ ನೋಡಿ, ಜಾಕಿ ಗುರ್ ಎಂದ. ಹಲ್ಲು ಬಿಟ್ಟು, ನನ್ನ ಸಾಕ್ಷಿದಾರನನ್ನು ಮೂರು ಮಾರು ಹಿಂದಕ್ಕೆ ಅಟ್ಟಿದ. ನನ್ನ ಜೀವನದಲ್ಲಿ ಒಂದು ನಾಯಿಯ ಗುರುಗುಟ್ಟುವಿಕೆ ಇಷ್ಟು ಇಂಪಾಗಿ ಕೇಳಿಸಿದ್ದಿಲ್ಲ.

ಹೊರಡುವ ಮುಂಚೆ ಮೇಡಂ ಕಾಫಿ ಕೊಟ್ಟರು. ಕಟಿಂಗ್ ಅನ್ನು ನನ್ನ ಮುಂದಿಟ್ಟರು. ಕಾಗುಣಿತ ತಪ್ಪುಗಳಿಗೆ ಸುತ್ತು ಹಾಕಿದ್ದರು. ಅದು ಇರಲಿ, ಅಭ್ಯಾಸವಿದೆ. ಒಂದು ವಾಕ್ಯದ ಕೆಳಗೆ ಮಾತ್ರ ಈಗ, ನನ್ನ ಕಣ್ಣೆದುರೇ, ಎರಡು ಗೆರೆ ಎಳೆದರು. ‘ನಾನು ದಿನಾ ಬೆಳಗ್ಗೆ ಕರಿಯನ ಬಟ್ಟಲಿಗೆ ಹಸಿ ಮಾಂಸ ಹಾಕುತ್ತೇನೆ.’

‘‘ಇದರಲ್ಲಿ ತಪ್ಪೇನು ಹೇಳಿ?’’

‘‘ಹಸಿ ಅನ್ನೋದು ಮೇಡಂ’’ ಎಂದೆ. ‘‘ಅದು ಬೆಂದಿತ್ತು.’’

‘‘ಅದು ಕರ್ಮದ ತಪ್ಪು. ಚಿಕ್ಕದು. ಕರ್ತೃ ನೋಡಿ.’’

ಕರ್ತೃ, ಕರ್ಮ, ಕ್ರಿಯಾಪದ. ಈ ಪಾಠ ನಡೆಯುವಾಗ ನಾನು ಕಿಟಕಿಯಿಂದ ಹೊರಗೆ ಟ್ರ್ಯಾಕ್ಟರ್ ರಿಪೇರಿ ನೋಡುತ್ತಿದ್ದೆ. ಆದರೂ ಅರ್ಥವಾಯಿತು. ಹಾಕಿದವರು ಯಾರು? ಈ ಎರಡೂವರೆ ತಿಂಗಳಲ್ಲಿ ಒಂದೇ ಒಂದು ದಿನ ನಾನು ಆ ಬಟ್ಟಲು ಮುಟ್ಟಿದ್ದೆನಾ? ಕವರ್ ಮೊಳೆಗೆ ನೇತುಹಾಕಿ ಕೂಗಿ ಹೋಗುವವನು ನಾನು. ತೊಳೆದವಳು, ಬೇಯಿಸಿದವಳು, ಮೂಳೆ ಬಿಡಿಸಿದವಳು, ಆರಿಸಿ ಹಾಕಿದವಳು, ಚಾಪೆ ಒಗೆದವಳು, ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು, ಎಲ್ಲ ಒಬ್ಬಳೇ. ಇಡೀ ಬರಹದಲ್ಲಿ ಅವಳ ಹೆಸರು ಎಷ್ಟು ಸಲ ಬಂದಿತ್ತು ಎಂದು ಮೇಡಂ ಎಣಿಸಿರಲಿಲ್ಲ. ಎಣಿಸಲು ಏನೂ ಇರಲಿಲ್ಲ.

‘‘ತಿದ್ದಿ ಬರೀರಿ’’ ಎಂದರು ಮೇಡಂ. ‘‘ಎಲ್ಲಿ ತಪ್ಪು ಅಚ್ಚಾಯ್ತೋ ಅಲ್ಲೇ ಬರೀಬೇಕು.’’

ಬರೆದಿದ್ದೇನೆ. ನನ್ನ ಮಾತು ಕೇಳಿ ಯಾರಾದರೂ ನಿಮ್ಮ ನಾಯಿಯ ಮುದ್ದೆ ನಿಲ್ಲಿಸಿದ್ದರೆ ದಯವಿಟ್ಟು ಇವತ್ತೇ ಬಟ್ಟಲಿಗೆ ಹಾಕಿ. ಹಸೀದು ಒಳ್ಳೆಯದೋ ಬೇಯಿಸಿದ್ದು ಒಳ್ಳೆಯದೋ ಎಂದು ನಿಮ್ಮೂರಿನ ದನದ ಡಾಕ್ಟರನ್ನು ಕೇಳಿ. ವಿಡಿಯೋದ ಬಿಳಿಯನ ನಾಯಿಗೆ ಅದು ಒಗ್ಗಿರಬಹುದು, ನಾನು ಕಂಡಿಲ್ಲ. ನನಗೆ ಫೋನ್ ಮಾಡಬೇಡಿ. ಮಾಡಿದರೂ ಜಯಳ ಕೈಗೆ ಕೊಡುತ್ತೇನೆ. (ಮಂಗಳವಾರ, ಬುಧವಾರ ಎರಡೂ ದಿನ ಮೇಡಂ ಅವಳಿಗೇ ಫೋನ್ ಮಾಡಿದ್ದಾರೆ. ಜಾಕಿ ಎರಡು ಹೊತ್ತು ತಿನ್ನುತ್ತಿದ್ದಾನೆ, ಡಾಕ್ಟರ್ ಬಂದು ನೋಡಿ ಹೋದರು. ಇದು ನನಗೆ ಗೊತ್ತಾಗಿದ್ದು ಪಕ್ಕದಲ್ಲಿ ಕೂತು ಕದ್ದು ಕೇಳಿ.)

ಆದರೆ ಒಂದು ವಿಷಯ ಉಳಿಯಿತು. ಅವತ್ತು ಮನೆಗೆ ಬಂದವನು ಬಾಗಿಲಲ್ಲೇ ಕೇಳಿದೆ.

‘‘ಅಲ್ಲ ಕಣೇ, ಬೇಯ್ಸಿ ಹಾಕ್ತಿದೀನಿ ಅಂತ ಒಂದು ಮಾತು ಹೇಳಬಾರ‍್ದಿತ್ತಾ?’’

ಜಯ ಕರಿಯನ ಕಾಲಿನ ಧೂಳು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

‘‘ಹೇಳಣ ಅಂತಿದ್ದೆ. ಅಷ್ಟರಲ್ಲಿ ನೀವು ಬರೆದ್ಬುಟ್ಟಿದ್ರಿ. ಓದ್ದೆ. ಭಾಳ ಖುಷಿಯಾಗಿ ಬರ‍್ದಿದ್ರಿ. ಕೆಡ್ಸದ್ಯಾಕೆ ಅಂತ ಸುಮ್ನಾದೆ.’’

ಅವಳು ಎದ್ದು ಒಳಗೆ ಹೋದಳು. ನಾನು ಈ ಅಂಕಣದ ಹಳೇ ಕಟಿಂಗುಗಳ ಫೈಲ್ ತೆಗೆದು ಕೂತೆ. ನಾನು ಮನೆ ಕಟ್ಟಿಸಿದ್ದು, ನಾನು ಮಗಳನ್ನು ಓದಿಸಿದ್ದು, ನಾನು ಸಿಟ್ಟು ಬಿಟ್ಟಿದ್ದು. ಎಲ್ಲ ಭಾಳ ಖುಷಿಯಾಗಿ ಬರೆದಿದ್ದೇನೆ.

ಇವುಗಳಲ್ಲಿ ಇನ್ನೆಷ್ಟನ್ನು ಅವಳು ಓದಿ ಸುಮ್ಮನಾಗಿದ್ದಾಳೆ?